ಅಡುಗೆಕೋಣೆಯ ಬಾಗಿಲು

ಬೆಂಜಮಿನ್ ಅಳತೆಯ ಟೇಪಿನ ತುದಿಯನ್ನು ವಾರಿಜಾ ಅವರ ಕೈಗೆ ಕೊಟ್ಟು, ಫ್ರಿಜ್ ಪಕ್ಕದ ಗೋಡೆಗೆ ಒತ್ತಿ ಹಿಡಿಯಲು ಹೇಳಿ, ತಾನು ಬಾಲ್ಕನಿಯ ಕಡೆಗಿದ್ದ ಕಂಬದವರೆಗೆ ಹಿಂದಕ್ಕೆ ನಡೆದ. ಎಪ್ಪತ್ತು ದಾಟಿದ ವಾರಿಜಾ ಎರಡೂ ಹೆಬ್ಬೆರಳುಗಳಿಂದ ಟೇಪನ್ನು ಒತ್ತಿದ ರೀತಿ ನೋಡಿದರೆ, ಸ್ವಲ್ಪ ಸಡಿಲ ಬಿಟ್ಟರೂ ಗೋಡೆ ಏಳುವುದೇ ಇಲ್ಲ ಎಂಬ ಭಯ ಅವರಿಗಿದ್ದಂತಿತ್ತು.

"ಹನ್ನೊಂದು ಅಡಿ ನಾಲ್ಕು ಇಂಚು," ಎಂದ ಬೆಂಜಮಿನ್. "ಇಷ್ಟು ದೊಡ್ಡ ಬಾಯಿ ಬಿಟ್ಟು ಕಟ್ಟಿಸುವುದು, ಆಮೇಲೆ ಮುಚ್ಚಲಿಕ್ಕೆ ನನ್ನನ್ನು ಕರೆಯುವುದು. ಈ ವರ್ಷ ಇದು ಆರನೇ ಮನೆ ಅಕ್ಕ."

"ಮುಚ್ಚುವುದು ಅಂತ ಯಾರು ಹೇಳಿದ್ದು?" ಎಂದಳು ವಾರಿಜಾ ಅವರ ಸೊಸೆ ಹರಿಣಾಕ್ಷಿ.

ಬೆಂಜಮಿನ್ ವಾರಿಜಾ ಅವರನ್ನು ನೋಡಿದ. ವಾರಿಜಾ ಸೊಸೆಯನ್ನು ನೋಡಲಿಲ್ಲ. "ನೀವು ಬರೆದುಕೊಳ್ಳಿ ಪೊರ್ಬುಗಳೇ," ಎಂದರು. ಕ್ರಿಶ್ಚಿಯನ್ನರನ್ನು ಅವರು ಮೊದಲಿನಿಂದಲೂ ಕರೆಯುತ್ತಿದ್ದದ್ದು ಹಾಗೆಯೇ.

ಕಡಿಯಾಳಿಯ ಈ ಫ್ಲ್ಯಾಟಿಗೆ ಅವರು ಬಂದು ಐದು ತಿಂಗಳಾಗಿತ್ತು. ನಾಲ್ಕನೇ ಮಹಡಿ. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಒಂದೇ ದೊಡ್ಡ ಜಾಗ. ಈಚೆ ಸೋಫಾ, ಟಿವಿ, ಆಚೆ ಒಲೆ, ಸಿಂಕು, ಕಪ್ಪು ಗ್ರಾನೈಟಿನ ಕಟ್ಟೆ. ನಡುವೆ ಏನೂ ಇಲ್ಲ. ಮನೆ ಹುಡುಕುವಾಗ ಹರಿಣಾಕ್ಷಿಯ ಗಂಡ ವಿಶಾಲ್ ಹೋದ ಹೋದ ಕಡೆಯಲ್ಲೆಲ್ಲ ನಲ್ಲಿ ತಿರುಗಿಸಿ ನೀರಿನ ಒತ್ತಡ ನೋಡುತ್ತಿದ್ದ. ಮಲ್ಪೆಯ ಬೋಟುಗಳ ಇಂಜಿನ್ ಬಿಚ್ಚಿ ಜೋಡಿಸುವ ಮನುಷ್ಯ, ಅವನಿಗೆ ಪೈಪು ಮುಖ್ಯ. ಹರಿಣಾಕ್ಷಿ ಮಾತ್ರ ಇಲ್ಲಿಗೆ ಬಂದಾಗ ನೇರ ಒಲೆಯ ಜಾಗಕ್ಕೆ ಹೋಗಿ, ತಿರುಗಿ ನಿಂತು ನೋಡಿದಳು. ಹೊರಬಾಗಿಲು ಕಂಡಿತು, ಬಾಲ್ಕನಿ ಕಂಡಿತು, ಬಾಲ್ಕನಿಯಾಚೆ ಒಂದು ತೆಂಗಿನ ಮರದ ತಲೆ ಕಂಡಿತು. "ಇದು ಆಗಬಹುದು," ಎಂದಳು. ಬೆಡ್‌ರೂಮು ನೋಡಲೂ ಇಲ್ಲ.

ಅದಕ್ಕೆ ಕಾರಣವಿತ್ತು. ಕಾಪುವಿನಲ್ಲಿ, ಸಮುದ್ರದ ಬದಿಯ ಮನೆಯಲ್ಲಿ, ಹದಿಮೂರು ವರ್ಷ ಅವಳು ಹಿತ್ತಲ ಕಡೆಯ ಅಡುಗೆಕೋಣೆಯಲ್ಲಿ ಕಳೆದಿದ್ದಳು. ಬಾಗಿ ಒಳಹೋಗಬೇಕಾದ ಬಾಗಿಲು. ಹೊಗೆ, ಮೀನಿನ ವಾಸನೆ ಎದುರಿಗೆ ಬಾರದಿರಲೆಂದು ಅದನ್ನು ಯಾವಾಗಲೂ ಮುಚ್ಚಿಯೇ ಇಡುವುದು. ಚಾವಡಿಯಲ್ಲಿ ಮನೆಯವರೆಲ್ಲ ಕೂತು ಮಾತಾಡಿದರೆ ಒಳಗೆ ಕೇಳುತ್ತಿದ್ದದ್ದು ಒಂದು ಗುಜುಗುಜು, ನಡುನಡುವೆ ನಗು. ಯಾವುದಕ್ಕೆ ನಕ್ಕರೆಂದು ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಅವಳು ಬೂತಾಯಿ ಮೀನಿನ ತಲೆ ಕತ್ತರಿಸುತ್ತಿದ್ದಾಗ ಆಚೆ ಎಲ್ಲರೂ ಚಪ್ಪಾಳೆ ತಟ್ಟಿದ್ದು ಕೇಳಿತು. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ವರ್ಷದ ಮಗು ತೃಪ್ತಿ ನೆಲದ ಮೇಲೆ ಕೂತಿತ್ತು. "ಈಗ ನಡೆದಳು ಮಾರಾಯ್ತಿ, ಏಳು ಹೆಜ್ಜೆ!" ಎಂದ ವಿಶಾಲ್. ಮಗು ಮತ್ತೆ ನಡೆದದ್ದು ಎರಡು ದಿನ ಬಿಟ್ಟು. ಯಾರದೂ ತಪ್ಪಲ್ಲ. ಮೀನು ಕಾಯುವುದಿಲ್ಲ.

ಹಗಲಿಗೆ ಅವಳ ಕೆಲಸ ಮಣಿಪಾಲದ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ. ನೆಲದಡಿಯ ಕೋಣೆ, ಕಿಟಕಿ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ರೋಗಿಗಳ ಫೈಲು ಬರುತ್ತದೆ, ರೋಗಿಗಳು ಬರುವುದಿಲ್ಲ. ಬಸ್ಸಿಳಿದು ಮನೆ ಸೇರಿ ಈರುಳ್ಳಿ ಹೆಚ್ಚಲು ನಿಂತಾಗ ಕಣ್ಣೆದುರು ಮನೆಯವರ ಮುಖ ಇರಬೇಕು ಎಂಬುದು ಅವಳ ಆಸೆಯಾಗಿತ್ತು. ಈಗ ಹತ್ತು ವರ್ಷದ ತೃಪ್ತಿ ಕಟ್ಟೆಯ ಆಚೆ ಬದಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಭಿನ್ನರಾಶಿ ಮಾಡುತ್ತಾಳೆ, ತಪ್ಪಾದರೆ ಪೆನ್ಸಿಲ್ ಕಚ್ಚುತ್ತಾಳೆ. ಹರಿಣಾಕ್ಷಿ ಅದನ್ನು ನೋಡುತ್ತ ಸಾರು ಕುದಿಸುತ್ತಾಳೆ. ಆಸೆ ನೆರವೇರಿ ಐದು ತಿಂಗಳಾಗಿತ್ತು, ಅಷ್ಟೇ.

ವಾರಿಜಾ ಮೊದಲು ಹೇಳಿದ್ದು ವಾಸನೆಯ ಸಂಗತಿ. ಚಿಮ್ನಿ ಹಾಕಿಸಿದರು. ಆಮೇಲೆ, ಬಂದವರಿಗೆ ತೊಳೆಯದ ಪಾತ್ರೆ ಕಾಣುತ್ತದೆ ಎಂದರು. ಹರಿಣಾಕ್ಷಿ ಪಾತ್ರೆಗಳನ್ನು ಆಗಾಗಲೇ ತೊಳೆಯತೊಡಗಿದಳು. ಜೂನ್ ಕಳೆದು ಜುಲೈ ಬಂತು. ಒಂದು ದಿನ ಒಣ ಸಿಗಡಿಯ ತಲೆ ಕೀಳುತ್ತ ಕೂತಿದ್ದಾಗ ವಾರಿಜಾ ಇದ್ದಕ್ಕಿದ್ದಂತೆ ಕೇಳಿದರು.

"ಆಟಿ ಬಂತು. ಅವರಿಗೆ ಎಲ್ಲಿ ಬಡಿಸುವುದು?"

ಅವರೆಂದರೆ ಮಾವ ಅಂಗಾರ. ಮೀನುಗಾರಿಕೆಯ ಬೋಟು ನಡೆಸುವ ತಾಂಡೇಲರಾಗಿದ್ದವರು, ತೀರಿಹೋಗಿ ಮೂರು ವರ್ಷ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಒಂದು ದಿನ ಸತ್ತವರಿಗೆ ಬಡಿಸುವುದು ಆ ಮನೆಯ ಕ್ರಮ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಅಡುಗೆಕೋಣೆಯಲ್ಲೇ ಎಲೆ ಹಾಕಿ ಬಡಿಸಿ, ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಉಣ್ಣುವುದನ್ನು ಯಾರೂ ನೋಡಬಾರದು. ಹಾಗೆಂದು ಬಿಟ್ಟುಹೋಗಲೂಬಾರದು, ಬಾಗಿಲ ಈಚೆಯೇ ಕೂತಿರಬೇಕು, ಮನೆಯವರ ಸದ್ದು ಕೇಳುತ್ತ ಅವರು ಉಣ್ಣಬೇಕು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಮೂರು ಸಲ ತಟ್ಟಿ, ಏಳಲು ಸಮಯ ಕೊಟ್ಟು, ತೆರೆಯಬೇಕು.

ಕಾಪುವಿನ ಮನೆ ಈಗ ದೊಡ್ಡ ಮಗ ಚೆನ್ನಪ್ಪನದು. ದೀಪಸ್ತಂಭ ನೋಡಲು ಬರುವವರಿಗೆಂದು ಅವನು ಅದನ್ನು ಹೋಂಸ್ಟೇ ಮಾಡಿದ್ದಾನೆ. ಹೋದ ವರ್ಷ ಎಲ್ಲರೂ ಇನ್ನೂ ಅಲ್ಲೇ ಇದ್ದಾಗ, ಎದುರಿನ ಎರಡು ಕೋಣೆಯಲ್ಲಿ ಮಾತ್ರ ಗಿರಾಕಿಗಳಿದ್ದರು. ಅಂಗಾರರಿಗೆ ಬಡಿಸಿ ಬಾಗಿಲು ಮುಚ್ಚಿ ಹತ್ತು ನಿಮಿಷವೂ ಆಗಿರಲಿಲ್ಲ. ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬ ಗಿರಾಕಿ ಹಿತ್ತಲ ಕಡೆಯಿಂದ ಬಂದು, ಬಿಸಿನೀರು ಹುಡುಕುತ್ತ, ಅಡುಗೆಕೋಣೆಯ ಆಚೆ ಬಾಗಿಲನ್ನು ದಡಕ್ಕನೆ ತೆರೆದುಬಿಟ್ಟ. ಎಲೆ, ದೀಪ, ಬ್ರಾಂದಿಯ ಲೋಟ ನೋಡಿ "ಸಾರಿ" ಎಂದು ಮತ್ತೆ ಮುಚ್ಚಿದ. ಒಳ್ಳೆಯ ಮನುಷ್ಯ, ಆಮೇಲೆ ಎರಡು ಸಲ ಕ್ಷಮೆ ಕೇಳಿದ. ಆದರೆ ವಾರಿಜಾ ಅವರ ಲೆಕ್ಕದಲ್ಲಿ ಅಂಗಾರರು ಅರ್ಧ ಊಟದಲ್ಲಿ ಎದ್ದುಹೋಗಿದ್ದರು.

"ವರ್ಷಕ್ಕೆ ಒಂದು ಊಟ," ಎಂದರು ವಾರಿಜಾ, ಸಿಗಡಿಯ ತಲೆಗಳನ್ನು ಒಟ್ಟುಮಾಡುತ್ತ. "ಅದೂ ಅರ್ಧ. ಈ ವರ್ಷವೂ ಸರಿ ಆಗದಿದ್ದರೆ ಅವರು ಬರುವುದನ್ನೇ ಬಿಡ್ತಾರೆ. ಸಿಟ್ಟಿನ ಜನ ಅಲ್ವಾ."

ಸಂಜೆ ಇದನ್ನು ಕೇಳಿದ ವಿಶಾಲ್ ಮೀನುಗಾರಿಕೆಗೆ ರಜೆಯಿದ್ದ ಕಾಲದ ಸಮಾಧಾನದಲ್ಲಿ ಕಾಲು ಚಾಚಿಕೊಂಡೇ ಪರಿಹಾರ ಹೇಳಿದ.

"ಬೆಡ್‌ರೂಮಿಗೆ ಬಾಗಿಲು ಉಂಟಲ್ವಾ ಅಮ್ಮ? ಅಲ್ಲಿ ಬಡಿಸುವ."

"ಸಾಯುವಾಗ ಮಂಚದ ಮೇಲೆ ಗಂಜಿ ಉಂಡದ್ದು ಸಾಕಾಗಲಿಲ್ವಾ ನಿನ್ನ ಅಪ್ಪನಿಗೆ? ಒಲೆ ಕಾಣುವಲ್ಲಿ ಉಣ್ಣುವವರು ಅವರು."

"ಹಾಗಾದರೆ ಎಲ್ಲರೂ ಹೊರಗೆ ಹೋಗಿ ಮೇನ್ ಡೋರೇ ಮುಚ್ಚುವ."

"ಹೊರಗೆ ಎಲ್ಲಿ? ಲಿಫ್ಟಿನ ಎದುರು? ಮೂರನೇ ಮಾಳಿಗೆಯ ಡಿಂಪಲ್ ಬಂದು 'ಎಂತ ಆಂಟಿ, ಬೀಗ ಬಿದ್ದುಹೋಯ್ತಾ' ಅಂತ ಕೇಳ್ತಾಳೆ. ಎಂತ ಹೇಳುವುದು ಅವಳಿಗೆ? ಒಳಗೆ ನಮ್ಮವರು ಉಣ್ತಾ ಇದ್ದಾರೆ ಅಂತಲಾ?"

"ನೀವಿಬ್ಬರೂ ಸೇರಿ ತೀರ್ಮಾನ ಮಾಡಿ," ಎಂದು ವಿಶಾಲ್ ಟಿವಿಯ ಸದ್ದು ಏರಿಸಿದ. ಅವನು ಬಿಚ್ಚಿದ ಯಾವ ಇಂಜಿನ್ನೂ ಇಷ್ಟು ಮಾತಾಡಿರಲಿಲ್ಲ.

ಹಾಗೆ ಬೆಂಜಮಿನ್ ಬಂದಿದ್ದ, ಕಟಪಾಡಿಯಿಂದ, ವಿಶಾಲ್‌ನ ಹಳೆಯ ಪರಿಚಯದ ಮೇಲೆ. ಅಳತೆಯಾದ ಮೇಲೆ ಅವನು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಇಟ್ಟಿಗೆಯ ಗೋಡೆ, ನಡುವೆ ಮರದ ಬಾಗಿಲು. ಅಥವಾ ಮರದ ಪಟ್ಟಿಗಳ ಜಾಲಿ. ಅಥವಾ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಗಾಜಿನ ಮೂರು ಸರಿಯುವ ಬಾಗಿಲು. ಎಲ್ಲವನ್ನೂ ಒಂದು ಬದಿಗೆ ಸರಿಸಿಟ್ಟರೆ ಇದ್ದದ್ದೇ ಗೊತ್ತಾಗುವುದಿಲ್ಲ.

"ಗಾಜಿನಲ್ಲೂ ಎರಡು ನಮೂನೆ ಉಂಟು ಅಕ್ಕ. ಪೂರ್ತಿ ಕಾಣುವುದು, ಮಸುಕಿನದು. ಎಂತಕ್ಕೆ ಬೇಕಾದದ್ದು ಅಂತ ಹೇಳಿದರೆ ನಾನು ಹೇಳ್ತೇನೆ ಯಾವುದು ಒಳ್ಳೆಯದು ಅಂತ."

ವಾರಿಜಾ ಆಗ ಸ್ನಾನಕ್ಕೆ ಹೋಗಿದ್ದರು. ಹರಿಣಾಕ್ಷಿ ಸ್ನಾನದ ಕೋಣೆಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು.

"ಬಾಗಿಲು ಬೇಕು ಅಂತ ಹೇಳಿದ್ದಾರೆ," ಎಂದಳು. "ಪೂರ್ತಿ ಕಾಣುವುದೇ ಹಾಕಿ."

ಬಾಗಿಲು ಕೇಳಿದ್ದರು, ಬಾಗಿಲು ಆಗುತ್ತದೆ. ಯಾರೂ ಸುಳ್ಳು ಹೇಳಲಿಲ್ಲ. ಆ ರಾತ್ರಿ ತೃಪ್ತಿ ಪೆನ್ಸಿಲ್ ಕಚ್ಚುವುದನ್ನು ನೋಡುತ್ತ ಹರಿಣಾಕ್ಷಿ ಅದನ್ನೇ ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡಳು.

ಎರಡು ವಾರ ಕಳೆದು, ಬಡಿಸುವ ದಿನ ಎಂದು ಗೊತ್ತುಮಾಡಿದ್ದ ಭಾನುವಾರಕ್ಕೆ ಮೂರು ದಿನ ಮೊದಲು, ಬಾಗಿಲು ಬಂತು. ಬೆಂಜಮಿನ್ ಇನ್ನೊಬ್ಬನ ಜೊತೆ ಸೇರಿ ದಿನವಿಡೀ ನೆಲದಲ್ಲಿ ಹಳಿ ಕೂರಿಸಿ, ಗಾಜು ಏರಿಸಿ, ಸಂಜೆ ಹರಿಣಾಕ್ಷಿ ಮನೆ ಸೇರುವ ಹೊತ್ತಿಗೆ ಕೊನೆಯ ತಿರುಪು ಬಿಗಿಯುತ್ತಿದ್ದ. ಬಾಗಿಲು ಬೆರಳಲ್ಲಿ ತಳ್ಳಿದರೂ ಸರಿಯುತ್ತಿತ್ತು. ಮುಚ್ಚಿದರೂ ಒಲೆಯಿಂದ ಬಾಲ್ಕನಿಯ ತೆಂಗಿನ ಮರದವರೆಗೆ ಎಲ್ಲವೂ ಕಾಣುತ್ತಿತ್ತು. ತೃಪ್ತಿ ಒಳಗೆ ನಿಂತು ಗಾಜಿಗೆ ಮೂಗು ಒತ್ತಿ, ಹೊರಗಿದ್ದ ಅಪ್ಪನಿಗೆ ನಾಲಿಗೆ ತೋರಿಸಿದಳು.

"ಅಜ್ಜಿ, ಈ ಸಲ ಅಜ್ಜ ಉಣ್ಣುವುದು ನಮಗೆ ಕಾಣ್ತದೆ ಅಲ್ವಾ?"

ವಾರಿಜಾ ಸೋಫಾದ ಮೇಲೆ ಕೂತು ಗಾಜನ್ನು ನೋಡಿದರು.

"ಚಂದ ಉಂಟು," ಎಂದರು. "ಹೋಟೆಲಿನಲ್ಲಿ ಮೀನು ಇಡ್ತಾರಲ್ಲ, ಬಂದವರು ಬೆರಳು ತೋರಿಸಲಿಕ್ಕೆ. ಹಾಗೆ ಚಂದ ಉಂಟು."

ಬೆಂಜಮಿನ್ ತಿರುಪುಳಿ ಕೆಳಗಿಟ್ಟು, ಎಂತ ಆಯಿತು ಎಂದು ಕೇಳಿದ. ವಾರಿಜಾ ಹೇಳಿದರು. ಟವೆಲಿನ ಮನುಷ್ಯನನ್ನೂ ಬಿಡದೆ ಹೇಳಿದರು. ಬೆಂಜಮಿನ್ ಪೂರ್ತಿ ಕೇಳಿ ತಲೆ ಕೆರೆದುಕೊಂಡ.

"ಇದನ್ನು ಮೊದಲೇ ಹೇಳಬಾರದಾ ವಾರಿಜಕ್ಕ? ನಮ್ಮಲ್ಲಿ ಆದರೆ ನವೆಂಬರಿನಲ್ಲಿ ಮೊಂಬತ್ತಿ ಹಿಡಿದುಕೊಂಡು ನಾವೇ ಸತ್ತವರ ಗೋರಿಯಿರುವಲ್ಲಿಗೆ ಹೋಗುವುದು. ನಿಮ್ಮವರು ಮನೆಗೇ ಬರುವುದು. ಹಾಗಿದ್ದರೆ ಬಾಗಿಲು ಸರಿ ಬೇಕಲ್ಲ ಮತ್ತೆ." ಅವನು ಹರಿಣಾಕ್ಷಿಯ ಕಡೆ ತಿರುಗಿದ. "ನಾನು ಮಸುಕಿನದು ಉಂಟು ಅಂತ ಹೇಳಿದ್ದೆ ಅಲ್ವಾ ಅಕ್ಕ?"

ಹೇಳಿದ್ದ. ವಾರಿಜಾ ಈಗ ಸೊಸೆಯನ್ನು ನೋಡಿದರು. ಜಗಳ ಮಾಡುವ ನೋಟವಲ್ಲ. ತೂಕ ನೋಡಿ ಮೀನನ್ನು ಬುಟ್ಟಿಗೆ ಮರಳಿ ಹಾಕುವಾಗಿನ ನೋಟ.

"ಬೇಡ ಬಿಡು," ಎಂದರು. "ಕಾಪುವಿಗೇ ಹೋಗ್ತೇನೆ ನಾನು. ಅಲ್ಲೇ ಎಲ್ಲಾದರೂ ಬಡಿಸ್ತೇನೆ."

ಚೆನ್ನಪ್ಪನಿಗೆ ಫೋನ್ ಮಾಡಿದರು. ಅವನು ಭಾನುವಾರ ಎಲ್ಲ ಕೋಣೆಯೂ ಬುಕ್ ಆಗಿದೆ ಎಂದ. ಹಳೆಯ ಅಡುಗೆಕೋಣೆಯಲ್ಲಿ ಈಗ ಮಂಚ ಹಾಕಿಯಾಗಿದೆ, ಗೋಡೆಗೆ ಏಸಿ ಕೂರಿಸಿಯಾಗಿದೆ. "ನೀವೇ ಬಡಿಸಿ ಅಮ್ಮ, ಎಲ್ಲಿ ಬಡಿಸಿದರೂ ಉಣ್ಣುವುದು ಅದೇ ಅಪ್ಪ ಅಲ್ವಾ," ಎಂದ. ವಾರಿಜಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಶುಕ್ರವಾರ, ಶನಿವಾರ ಅವರಿಂದ ಅಕ್ಕಿ ನೆನೆಹಾಕುವ ಸುದ್ದಿಯಿಲ್ಲ, ಕೋಳಿಯ ಸುದ್ದಿಯಿಲ್ಲ. ಹರಿಣಾಕ್ಷಿ ಶನಿವಾರ ರೆಕಾರ್ಡ್ ರೂಮಿನಲ್ಲಿ ಫೈಲು ಜೋಡಿಸುತ್ತ, ಒಂದು ಫೈಲಿನ ಹೊರಗೆ ಸುತ್ತಿದ್ದ ಕಂದು ರಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಸಂಜೆ ಬಸ್ಸಿನಿಂದ ಇಳಿದವಳು ನೇರ ಮನೆಗೆ ಬರದೆ, ಶಾಲೆಯ ಸಾಮಾನು ಮಾರುವ ಅಂಗಡಿಗೆ ಹೋಗಿ, ಪುಸ್ತಕಕ್ಕೆ ಬೈಂಡ್ ಹಾಕುವ ಬ್ರೌನ್ ಪೇಪರಿನ ಐದು ರೋಲು ತೆಗೆದುಕೊಂಡಳು. ಜೂನಿನಲ್ಲಿ ಉಳಿದದ್ದು ಮನೆಯಲ್ಲಿ ಇನ್ನೊಂದಿತ್ತು. ವಿಶಾಲ್‌ಗೆ ಫೋನ್ ಮಾಡಿ, ಆದಿ ಉಡುಪಿಯ ಕಡೆ ಹೋದರೆ ಬಾಳೆಎಲೆ ತರಬೇಕು ಎಂದಳು.

"ಎಂತಕ್ಕೆ?"

"ನಿಮ್ಮ ಅಪ್ಪನಿಗೆ."

ಭಾನುವಾರ ಬೆಳಿಗ್ಗೆ ಅವಳು ಸ್ಟೂಲಿನ ಮೇಲೆ ಹತ್ತಿ ಗಾಜಿನ ಮೇಲಂಚಿನಿಂದ ಕಾಗದ ಅಂಟಿಸತೊಡಗಿದಳು. ವಾರಿಜಾ ಕೋಣೆಯಿಂದ ಹೊರಬಂದು ನೋಡಿದರು. ಎರಡನೇ ಹಾಳೆಗೆ ಬಂದು ಕೆಳಗಿನ ತುದಿ ಹಿಡಿದುಕೊಂಡರು, ಬೆಂಜಮಿನ್‌ನ ಟೇಪು ಹಿಡಿದ ಹಾಗೆಯೇ, ಎರಡೂ ಹೆಬ್ಬೆರಳಿಂದ.

"ಅಲ್ಲಿ ಸಂದು ಉಳಿದಿದೆ," ಎಂದರು ಸ್ವಲ್ಪ ಹೊತ್ತಿನ ಮೇಲೆ. "ಆ ಮಗು ಬಗ್ಗಿ ನೋಡ್ತಾಳೆ."

ಸಂದು ಮುಚ್ಚಿದಳು. ಮೂರನೇ ಬಾಗಿಲಿಗೆ ಬರುವಾಗ ಕಾಗದ ಸಾಲದೆ, ಕೆಳಗಿನ ಎರಡು ಅಡಿಗೆ ಹಳೆಯ ದಿನಪತ್ರಿಕೆ ಅಂಟಿಸಬೇಕಾಯಿತು. ಕೆಲಸ ಮುಗಿದಾಗ ಅಡುಗೆಕೋಣೆಯ ಬೆಳಕು ಚಹಾದ ಬಣ್ಣಕ್ಕೆ ತಿರುಗಿತ್ತು. ಹೊರಗಿನದೇನೂ ಕಾಣುತ್ತಿರಲಿಲ್ಲ. ಹರಿಣಾಕ್ಷಿ ಆ ಬೆಳಕಿನಲ್ಲೇ ಇಡೀ ಮಧ್ಯಾಹ್ನ ಕೋಳಿಗೆ ಮಸಾಲೆ ಹುರಿದಳು, ನೀರುದೋಸೆ ಹೊಯ್ದಳು, ಒಣ ಸಿಗಡಿಯ ಚಟ್ನಿ ಅರೆದಳು. ಕಾಪುವಿನ ಹದಿಮೂರು ವರ್ಷ ಒಂದು ಮಧ್ಯಾಹ್ನದ ಮಟ್ಟಿಗೆ ಹಿಂದಕ್ಕೆ ಬಂದ ಹಾಗಿತ್ತು. ಆಚೆ ಟಿವಿ, ವಿಶಾಲ್‌ನ ಧ್ವನಿ, ತೃಪ್ತಿಯ ನಗು. ಯಾವುದಕ್ಕೆ ನಕ್ಕಳೆಂದು ಗೊತ್ತಾಗಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ, ಒಲೆಯ ಎದುರು ನೆಲದ ಮೇಲೆ ವಿಶಾಲ್ ಎಲೆ ಹಾಕಿದ. ವಾರಿಜಾ ಒಂದೊಂದೇ ಬಡಿಸಿದರು. ಸ್ಟೀಲಿನ ಲೋಟದಲ್ಲಿ ಬ್ರಾಂದಿ, ಪಕ್ಕದಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ. ಬೆಂಕಿಪೊಟ್ಟಣವನ್ನು ಬಲಗಡೆಯಿಂದ ತೆಗೆದು ಎಡಗಡೆಗಿಟ್ಟರು. ಅಂಗಾರರು ಎಡಚರಾಗಿದ್ದರು. ಎಲ್ಲರೂ ಕೈಮುಗಿದು ಹೊರಗೆ ಬಂದರು. ವಾರಿಜಾ ಬಾಗಿಲು ಸರಿಸಿ ಮುಚ್ಚಿ, ಮುಚ್ಚಿದೆಯೇ ಎಂದು ಅಂಚಿನ ಮೇಲೆ ಬೆರಳಾಡಿಸಿ ನೋಡಿದರು.

ನಾಲ್ವರೂ ಹಾಲಿನ ನೆಲದ ಮೇಲೆ ಕೂತರು. ಯಾರೂ ಮಾತಾಡಲಿಲ್ಲ.

"ಮಾತಾಡಿ, ಎಂತಾದರೂ," ಎಂದರು ವಾರಿಜಾ. "ಮನೆಯಲ್ಲಿ ಜನ ಇಲ್ಲ ಅಂತ ಆಗಬಾರದು."

ವಿಶಾಲ್ ಗಂಟಲು ಸರಿಮಾಡಿಕೊಂಡು ಆಗಸ್ಟಿನಲ್ಲಿ ಬೋಟು ಇಳಿಸುವ ಮೊದಲು ಯಾವ ಇಂಜಿನ್ನಿಗೆ ಎಂತ ಮಾಡಬೇಕೆಂದು ಹೇಳತೊಡಗಿದ. ತಗ್ಗಿದ ದನಿಯಲ್ಲಿ, ಸಾವಿನ ಮನೆಯಲ್ಲಿ ಮಾತಾಡಿದ ಹಾಗೆ. ಹರಿಣಾಕ್ಷಿ ಕಂದು ಕಾಗದವನ್ನು ನೋಡುತ್ತ ಕೂತಿದ್ದಳು. ಈ ಮಾತು ಒಳಗೆ ಹೇಗೆ ಕೇಳುತ್ತದೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಗುಜುಗುಜು, ಅಷ್ಟೇ. ಅದೂ ಗಾಜು, ಮರಕ್ಕಿಂತ ಕಡಿಮೆ ಕೇಳಿಸುತ್ತದೆ.

ಅವಳು ಕೂತಲ್ಲಿಂದಲೇ ಜರುಗಿ ಬಾಗಿಲಿನ ಹತ್ತಿರ ಹೋದಳು.

"ಮಾವ, ನಾನು ಹರಿಣಾಕ್ಷಿ," ಎಂದಳು ಗಟ್ಟಿಯಾಗಿ. ರೆಕಾರ್ಡ್ ರೂಮಿನಲ್ಲಿ ಫೋನೆತ್ತಿದಾಗಿನ ಸ್ಪಷ್ಟ ದನಿ. "ಇದು ಕಡಿಯಾಳಿಯಲ್ಲಿ ನಾವು ತೆಗೆದುಕೊಂಡ ಹೊಸ ಮನೆ. ನಾಲ್ಕನೇ ಮಾಳಿಗೆ. ಇವರು ಸೋಫಾಕ್ಕೆ ಒರಗಿ ಕೂತಿದ್ದಾರೆ, ಇಂಜಿನ್ನಿನ ಸುದ್ದಿ ಹೇಳ್ತಾ ಇದ್ದಾರೆ. ರಜೆಯಲ್ಲಿ ಕೂತು ಕೂತು ಹೊಟ್ಟೆ ಬಂದಿದೆ."

ತೃಪ್ತಿ ಕಿಸಕ್ಕನೆ ನಕ್ಕಳು.

"ಈಗ ನಕ್ಕದ್ದು ತೃಪ್ತಿ. ಅವಳ ಅಪ್ಪನ ಹೊಟ್ಟೆಗೆ ನಕ್ಕದ್ದು."

"ಏ, ಎಂತ ಮಾರಾಯ್ತಿ ಇದು!" ಎಂದ ವಿಶಾಲ್.

"ಇದು ಇವರು, ಸಿಟ್ಟಲ್ಲಿ. ಸುಳ್ಳು ಸಿಟ್ಟು." ಅವಳು ನಿಲ್ಲಿಸಲಿಲ್ಲ. "ತೃಪ್ತಿ ಐದನೇ ಕ್ಲಾಸು. ಲೆಕ್ಕದಲ್ಲಿ ಸ್ವಲ್ಪ ಹಿಂದೆ, ಓಟದಲ್ಲಿ ಎರಡನೇ ಪ್ರೈಜು ಬಂದಿದೆ. ಮಾಮಿ ನನ್ನ ಬಲಗಡೆ ಕೂತಿದ್ದಾರೆ. ಮೊಣಕಾಲು ನೋವು ಉಂಟು, ಎಣ್ಣೆ ಹಚ್ಚಿಕೊಳ್ಳುವುದಿಲ್ಲ. ನೀವಾದರೂ ಹೇಳಿ."

ವಾರಿಜಾ ಸೊಸೆಯನ್ನು ನೋಡಿದರು. ತಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾವೂ ಬಾಗಿಲಿನ ಕಡೆ ಬಗ್ಗಿ, "ಚಟ್ನಿಗೆ ಖಾರ ಕಡಿಮೆ ಆಗಿದೆ ಅಂತ ಗೊತ್ತುಂಟು," ಎಂದರು. "ನೀವು ಹೇಳುವುದು ಬೇಡ."

ಇಪ್ಪತ್ತು ನಿಮಿಷವಾಯಿತು. ವಾರಿಜಾ ಎದ್ದು ಅಲ್ಯೂಮಿನಿಯಂ ಚೌಕಟ್ಟನ್ನು ಮೂರು ಸಲ ತಟ್ಟಿದರು. ಮರದ ಶಬ್ದ ಬರಲಿಲ್ಲ, ಡಬ್ಬದ ಶಬ್ದ ಬಂತು. ಅವರು ಮುಖ ಕಿವುಚಿದರು, ಆದರೂ ಕಾದರು. ಆಮೇಲೆ ಬಾಗಿಲು ಸರಿಸಿದರು. ಎಲೆ ಬಡಿಸಿದ ಹಾಗೆಯೇ ಇತ್ತು, ದೀಪ ಉರಿಯುತ್ತಿತ್ತು. ವಾರಿಜಾ ಬಗ್ಗಿ ಎಲೆಯನ್ನು ನೋಡಿದರು.

"ಉಂಡಿದ್ದಾರೆ," ಎಂದರು.

ಮೊದಲ ವರ್ಷವೂ ಹಾಗೆಯೇ ಹೇಳಿದ್ದರು. ಹೋದ ವರ್ಷ ಹೇಳಿರಲಿಲ್ಲ.

ಊಟವಾಗಿ, ವಿಶಾಲ್ ಮತ್ತು ತೃಪ್ತಿ ಟಿವಿಯ ಎದುರು ಕೂತ ಮೇಲೆ, ಅತ್ತೆ ಸೊಸೆ ಇಬ್ಬರೇ ಕಂದು ಕಾಗದದ ಒಳಗೆ ಪಾತ್ರೆ ತೊಳೆಯುತ್ತಿದ್ದರು. ಆಚೆ ಏನೋ ನಗು ಕೇಳಿತು. ವಾರಿಜಾ ತಲೆಯೆತ್ತಿದರು.

"ಕಾಪುವಿನಲ್ಲಿ ನಿನಗೆ ಒಳಗೆ ಎಂತದೂ ಕೇಳ್ತಿರಲಿಲ್ವಾ?"

"ನಗುವುದು ಕೇಳ್ತಿತ್ತು ಮಾಮಿ."

"ಹೇಳಬಾರದಿತ್ತಾ?"

"ಯಾರ ಹತ್ತಿರ?"

ವಾರಿಜಾ ಬಾಣಲೆಯನ್ನು ಎರಡು ಸಲ ತೊಳೆದರು. "ನನಗೂ ಹಾಗೆಯೇ," ಎಂದರು ಕೊನೆಗೆ. "ನಾನು ಬಂದಾಗ ಅದಕ್ಕೆ ಕಿಟಕಿಯೂ ಇರಲಿಲ್ಲ. ಕಿಟಕಿ ನಾನು ಮಾಡಿಸಿದ್ದು."

ಅಷ್ಟು ಹೇಳಿ ಕೈ ಒರೆಸಿಕೊಂಡು, ಗಾಜಿನ ಬಳಿ ಹೋಗಿ ಕಾಗದದ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು.

"ನಾಳೆ ತೆಗೆಯುವ ಮಾಮಿ, ತಡವಾಯಿತು."

"ನಾಳೆ ನೀನು ಕೆಲಸಕ್ಕೆ ಹೋಗ್ತಿ. ನನ್ನಿಂದ ಸ್ಟೂಲು ಹತ್ತಲಿಕ್ಕೆ ಆಗುವುದಿಲ್ಲ." ಹಾಳೆ ಹರಿಯದಂತೆ ಮೆಲ್ಲ ಮೆಲ್ಲ ಎಳೆದರು. ಗಾಜಿನಾಚೆ ತೃಪ್ತಿಯ ತಲೆ, ವಿಶಾಲ್‌ನ ಚಾಚಿದ ಕಾಲು ಕಂಡವು. "ಹರಿಯಬೇಡ. ಮಡಚಿ ಕಪಾಟಿನ ಮೇಲಿಡು, ಬರುವ ಆಟಿಗೆ ಬೇಕು. ಈ ನ್ಯೂಸ್ ಪೇಪರಿನದು ಮಾತ್ರ ಬಿಸಾಡು. ಅವರು ಉಣ್ಣುವಾಗ ಸುದ್ದಿ ಓದುವುದು ನನಗೆ ಮೊದಲೇ ಆಗ್ತಿರಲಿಲ್ಲ."

ಹರಿಣಾಕ್ಷಿ ಸ್ಟೂಲು ಎಳೆದುಕೊಂಡು ಹತ್ತಿದಳು. ಅಂಟು ಟೇಪಿನ ಗುರುತುಗಳು ಗಾಜಿನ ಮೇಲೆ ಉಳಿದವು. ಅವು ಹೋಗಲು ದೀಪಾವಳಿಯವರೆಗೆ ಆಗಬಹುದು ಎಂದುಕೊಂಡಳು.